ಪಹಣಿ ಕಂಪ್ಯೂಟರ್‌ಗೆ ಹೋದ ಕಥೆ: ಕೋಡ್ ಬರೆಯೋಕೆ ಮುಂಚೆ ಏನು ಕೇಳಬೇಕು?

(ಇದು ನಮ್ಮ ಪಾಡ್‌ಕಾಸ್ಟ್‌ನ ಇತಿಹಾಸ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ಕಥೆ ಶುರುವಾಗೋದು ಬೆಂಗಳೂರಿನ ಮರ್ಫಿ ಟೌನ್‌ನಲ್ಲಿ. ಹಲಸೂರು ಕೆರೆ ಒಂದು ಕಡೆ, ಇಂದಿರಾನಗರ ಇನ್ನೊಂದು ಕಡೆ, ಮಧ್ಯದಲ್ಲಿ ಚಿಕ್ಕ ಚಿಕ್ಕ ರಸ್ತೆಗಳ ಹಳೇ ಬಡಾವಣೆ.

ಕೆಲವು ವರ್ಷಗಳ ಹಿಂದೆ, ಕಾಲೇಜು ಮುಗಿಸಿದ ಹೊಸದರಲ್ಲಿ, ಇಲ್ಲಿನ ಒಂದು ದಿನಸಿ ಅಂಗಡಿಗೆ ನಾನೊಂದು ಆ್ಯಪ್ ಮಾಡಿಕೊಟ್ಟೆ. ಅಂಗಡಿ ಅಕ್ಕ ನಮ್ಮ ಮನೆಯವರಿಗೆಲ್ಲ ಪರಿಚಯ. "ಅಕ್ಕಾ, ಏನೇನು ಬೇಕು ಹೇಳಿ, ಮಾಡಿಕೊಡ್ತೀನಿ" ಅಂದೆ. "ಸಾಲದ ಲೆಕ್ಕ ಸರಿಯಾಗಿ ಇಡೋಕೆ ಆದ್ರೆ ಸಾಕು ಕಣಪ್ಪಾ" ಅಂದ್ರು. ಹತ್ತು ನಿಮಿಷದ ಮಾತು, ಅಷ್ಟೇ. ಆಮೇಲೆ ಎರಡು ತಿಂಗಳು ನಾನು ರೂಮಿಂದ ಆಚೆ ಬರಲಿಲ್ಲ.

ಆ್ಯಪ್ ಏನೋ ಚೆನ್ನಾಗೇ ಇತ್ತು. ಗಿರಾಕಿ ಹೆಸರು, ಮೊಬೈಲ್ ನಂಬರ್, ಬಾಕಿ ಎಷ್ಟು, ತಿಂಗಳ ಕೊನೆಗೆ ತಾನಾಗೇ ಹೋಗೋ ಮೆಸೇಜು. ಮೂರನೇ ವಾರ ಅಂಗಡಿಗೆ ಹೋಗಿ ನೋಡ್ತೀನಿ, ಅಕ್ಕ ಮತ್ತೆ ಹಳೇ ನೋಟ್‌ಬುಕ್‌ನಲ್ಲೇ ಬರೀತಿದ್ದಾರೆ. "ಯಾಕಕ್ಕಾ?" ಅಂದೆ. "ಫೋನು ಮಗನ ಹತ್ರ ಇರುತ್ತೆ, ಅವನು ಕಾಲೇಜಿಂದ ಬರೋದೇ ಸಾಯಂಕಾಲ. ಬೆಳಗ್ಗೆ ಏಳು ಗಂಟೆಗೆ ಹಾಲು ತಗೊಂಡು ಹೋಗೋ ಮಗು ಹತ್ರ ಯಾವ ನಂಬರ್ ಕೇಳ್ಲಿ ನಾನು? ಅದು ನನಗೆ 'ನೀಲಿ ಗೇಟ್ ಮನೆ', ಅಷ್ಟೇ" ಅಂದ್ರು.

ಅಂಗಡಿಯಲ್ಲಿ ಸಾಲ ಇರೋದು ಮನೆಯ ಹೆಸರಲ್ಲಿ. ನನ್ನ ಆ್ಯಪ್ ಕೇಳ್ತಿದ್ದದ್ದು ವ್ಯಕ್ತಿಯ ಹೆಸರು. ಲೆಕ್ಕ ಬದಲಾಗೋದು ತಕ್ಕಡಿ ಪಕ್ಕದಲ್ಲಿ, ದಿನಕ್ಕೆ ನೂರು ಸಲ. ನನ್ನ ಆ್ಯಪ್ ಇದ್ದದ್ದು ಕಾಲೇಜಿಗೆ ಹೋಗಿರೋ ಮಗನ ಜೇಬಲ್ಲಿ. ಕೋಡ್‌ನಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದಕ್ಕೆ 'ರಿಕ್ವೈರ್‌ಮೆಂಟ್ಸ್' ಅಂತಾರೆ. ಏನು ಬೇಕು, ಯಾರಿಗೆ ಬೇಕು, ಎಲ್ಲಿ ಬೇಕು ಅಂತ ಕಟ್ಟೋಕೆ ಮುಂಚೆ ತಿಳ್ಕೊಳ್ಳೋದು. ಸಣ್ಣ ಅಂಗಡಿಯಲ್ಲಿ ನಾನು ಮಾಡಿದ ಈ ತಪ್ಪು ಒಮ್ಮೆ ಇಡೀ ಕರ್ನಾಟಕದ ಜಮೀನಿನ ದಾಖಲೆಗಳ ವಿಷಯದಲ್ಲೂ ಆಗಿತ್ತು. ಆಮೇಲೆ ಅದನ್ನು ತಿದ್ದಿಕೊಂಡು ಮತ್ತೆ ಕಟ್ಟಿದ್ರು. ಅದೇ ಇವತ್ತಿನ ಕಥೆ.

ಇಲಿಯನ್ನು ಕೇಳಿ ಕಟ್ಟಿದ ಮನೆ

ಅದಕ್ಕೆ ಮುಂಚೆ ಈ ಏರಿಯಾ ಬಗ್ಗೆ ಎರಡು ಮಾತು. ಮರ್ಫಿ ಟೌನ್‌ಗೆ ಹೆಸರು ಬಂದಿರೋದು ರಾಜನಿಂದಲೂ ಅಲ್ಲ, ಸೈನ್ಯದ ಜನರಲ್‌ನಿಂದಲೂ ಅಲ್ಲ. ಮರ್ಫಿ ಅನ್ನೋರು ಬ್ರಿಟಿಷರ ಕಾಲದ ದಂಡು ಪ್ರದೇಶದ, ಅಂದ್ರೆ ಆಗಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಎಂಜಿನಿಯರ್. ಅದಕ್ಕೂ ಮುಂಚೆ ಈ ಜಾಗವನ್ನು ನಾಕ್ಸ್‌ಪೇಟೆ ಅಂತಿದ್ರು.

ಇಲ್ಲಿಂದ ಸ್ವಲ್ಪ ದೂರದ ಫ್ರೇಜರ್ ಟೌನ್‌ನ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಸಾವಿರಾರು ಜನ ಸತ್ತರು. ರೋಗ ಹೇಗೆ ಹರಡುತ್ತೆ ಅನ್ನೋದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕೆಟ್ಟ ಗಾಳಿ ಅಂದೋರಿದ್ರು, ಕೊಳಕು ನೆಲ ಅಂದೋರಿದ್ರು. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಅನ್ನೋ ಫ್ರೆಂಚ್ ವೈದ್ಯ, ಇದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತೆ ಅಂತ ತೋರಿಸಿದ. ಮೊದಮೊದಲು ಹೆಚ್ಚು ಜನ ನಂಬಲಿಲ್ಲ. ಮುಂದಿನ ದಶಕದಲ್ಲಿ ಭಾರತದಲ್ಲೇ ನಡೆದ ಸಂಶೋಧನೆಗಳು ಅದನ್ನು ಖಚಿತ ಮಾಡಿದವು.

ಈಗ ಮನೆ ಕಟ್ಟೋ ಎಂಜಿನಿಯರ್ ಜಾಗದಲ್ಲಿ ನಿಂತು ಯೋಚಿಸಿ. ಗಾಳಿಯಿಂದ ರೋಗ ಬರುತ್ತೆ ಅಂದ್ರೆ ದೊಡ್ಡ ಕಿಟಕಿ ಇಟ್ಟರೆ ಕೆಲಸ ಮುಗೀತು. ಇಲಿಯಿಂದ ಬರುತ್ತೆ ಅಂದ್ರೆ ಲೆಕ್ಕವೇ ಬೇರೆ. ನೆಲ ತೋಡೋಕೆ ಆಗಬಾರದು, ಗೋಡೆಯಲ್ಲಿ ಬಿಲ ಆಗಬಾರದು, ಸೂರಿನ ಸಂದಿಯಲ್ಲಿ ಅಡಗೋಕೆ ಜಾಗ ಇರಬಾರದು. 20ನೇ ಶತಮಾನದ ಮೊದಲ ದಶಕದಲ್ಲಿ ಫ್ರೇಜರ್ ಟೌನ್ ರೂಪುಗೊಂಡದ್ದು ಈ ಯೋಚನೆಯ ಮೇಲೆ. ಅದರ ಹಿಂದಿದ್ದ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್, ಬೆಂಗಳೂರಿನಲ್ಲಿ ಪ್ಲೇಗ್ ತಡೆಯೋ ಥರ ಊರು ಕಟ್ಟೋದರ ಬಗ್ಗೆ 1914ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಸಮಸ್ಯೆ ಏನು ಅನ್ನೋ ಉತ್ತರ ಬದಲಾದರೆ ಕಟ್ಟೋ ಮನೆಯೇ ಬದಲಾಗುತ್ತೆ. ಸಾಫ್ಟ್‌ವೇರ್‌ನಲ್ಲೂ ಅಷ್ಟೇ.

ಪಹಣಿ ಅಂದ್ರೆ ಏನು?

ಮರ್ಫಿ ಟೌನ್ ಬಳಿಯಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೋಗಿ. ಕೆ.ಆರ್.ಪುರಂ, ಅದರಾಚೆ ವೈಟ್‌ಫೀಲ್ಡ್. ಇವತ್ತು ಟೆಕ್ ಪಾರ್ಕು, ಅಪಾರ್ಟ್‌ಮೆಂಟು. ನಮ್ಮ ಅಪ್ಪ ಅಮ್ಮನ ಕಾಲಕ್ಕೆ ಅಲ್ಲಿ ರಾಗಿ ಹೊಲ. ಆ ಒಂದೊಂದು ಹೊಲಕ್ಕೂ ಒಂದೊಂದು ಕಾಗದ ಇತ್ತು. ಅದೇ ಪಹಣಿ. ಆರ್‌ಟಿಸಿ ಅಂತಲೂ ಕರೀತಾರೆ. ಸರ್ವೆ ನಂಬರ್ ಯಾವುದು, ಎಷ್ಟು ಎಕರೆ ಎಷ್ಟು ಗುಂಟೆ, ಯಾರ ಹೆಸರಲ್ಲಿದೆ, ಯಾರು ಉಳುಮೆ ಮಾಡ್ತಿದ್ದಾರೆ, ಯಾವ ಬೆಳೆ, ಎಷ್ಟು ಸಾಲ ಇದೆ, ಎಲ್ಲ ಅದರಲ್ಲಿ. ಬ್ಯಾಂಕಲ್ಲಿ ಬೆಳೆ ಸಾಲ ಬೇಕಾದ್ರೆ ಪಹಣಿ. ಜಮೀನು ಮಾರಬೇಕಾದ್ರೆ ಪಹಣಿ. ಕೋರ್ಟಲ್ಲಿ ಯಾರಿಗೋ ಜಾಮೀನು ನಿಲ್ಲಬೇಕಾದ್ರೂ ಪಹಣಿ.

ಈ ದಾಖಲೆ ಇರ್ತಿದ್ದದ್ದು ಗ್ರಾಮ ಲೆಕ್ಕಿಗರ ಹತ್ತಿರ. ಹಿಂದೆ ವಂಶಪಾರಂಪರ್ಯವಾಗಿ ಶಾನುಭೋಗರು ನೋಡಿಕೊಳ್ತಿದ್ದ ಕೆಲಸ. 1961ರ ಕಾಯ್ದೆ ಆ ಪದ್ಧತಿಯನ್ನು ರದ್ದು ಮಾಡಿದ ಮೇಲೆ ಸರ್ಕಾರಿ ನೌಕರರ ಕೈಗೆ ಬಂತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿ. ಪಹಣಿಗೆ ಕಟ್ಟಬೇಕಾದ ಶುಲ್ಕ 2 ರೂಪಾಯಿ. ಆದ್ರೆ ಲೆಕ್ಕಿಗರು ಎಲ್ಲಿದ್ದಾರೆ ಅಂತ ಹುಡುಕಬೇಕು. ಇವತ್ತು ಆ ಹಳ್ಳಿ, ನಾಳೆ ತಾಲ್ಲೂಕು ಕಚೇರಿ, ನಾಡಿದ್ದು ಬನ್ನಿ. ಕೊನೆಗೆ ಕೈಗೆ ಕಾಗದ ಬರೋ ಹೊತ್ತಿಗೆ ಕೊಟ್ಟದ್ದು 2 ರೂಪಾಯಿ ಆಗಿರ್ತಿರಲಿಲ್ಲ, ನೂರು, ಇನ್ನೂರು, ಕೆಲವೊಮ್ಮೆ ಸಾವಿರ. ಪುಸ್ತಕ ಲೆಕ್ಕಿಗರ ಹತ್ತಿರವೇ ಇರೋದರಿಂದ ಅದರಲ್ಲಿ ಏನು ಬದಲಾಯ್ತು ಅಂತ ಬೇರೆಯವರಿಗೆ ಗೊತ್ತಾಗೋದೂ ಕಷ್ಟ. ಸರ್ಕಾರಿ ಜಮೀನು ಸದ್ದಿಲ್ಲದೆ ಯಾರದೋ ಹೆಸರಿಗೆ ಹೋಗಿಬಿಡೋದು ಆಗಿನ ಕಾಲದಲ್ಲಿ ಅಪರೂಪದ ಸುದ್ದಿ ಆಗಿರಲಿಲ್ಲ.

ಮೊದಲ ಸಲ: ಕಂಪ್ಯೂಟರ್ ತಪ್ಪು ಊರಲ್ಲಿತ್ತು

1991ರಲ್ಲಿ ಗುಲ್ಬರ್ಗ, ಅಂದ್ರೆ ಈಗಿನ ಕಲಬುರಗಿ ಜಿಲ್ಲೆಯಲ್ಲಿ ಕೇಂದ್ರ ಸರ್ಕಾರದ ಹಣದಲ್ಲಿ ಭೂದಾಖಲೆ ಕಂಪ್ಯೂಟರೀಕರಣ ಶುರುವಾಯ್ತು. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯ್ತು. ಗುರಿ ಚೆನ್ನಾಗಿತ್ತು, ದುಡ್ಡೂ ಇತ್ತು.

ತೊಂದರೆ ಎಲ್ಲಿ ಬಂತು ಅಂದ್ರೆ, ಕೈಬರಹದ ದಾಖಲೆಗಳು ನಿಜವಾಗಿ ತಿದ್ದಲಾಗ್ತಿದ್ದ ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರ್ ಇಡೋ ಏರ್ಪಾಡೇ ಆ ಯೋಜನೆಗಳಲ್ಲಿ ಇರಲಿಲ್ಲ.

ಇದು ಯಾಕೆ ದೊಡ್ಡ ತೊಂದರೆ ಅಂತ ನೋಡಿ. ಪಹಣಿ ಒಂದು ಸಲ ಟೈಪ್ ಮಾಡಿ ಇಟ್ಟುಬಿಡೋ ಪುಸ್ತಕ ಅಲ್ಲ. ಅಪ್ಪ ತೀರಿಕೊಂಡ್ರೆ ಮಕ್ಕಳ ಹೆಸರು ಸೇರಬೇಕು. ಅಣ್ಣ ತಮ್ಮ ಭಾಗ ಮಾಡ್ಕೊಂಡ್ರೆ ಎರಡಾಗಬೇಕು. ಮಾರಿದ್ರೆ ಹೆಸರು ಬದಲಾಗಬೇಕು, ಸಾಲ ತೀರಿದ್ರೆ ಸಾಲದ ಸಾಲು ಹೋಗಬೇಕು. ಹಕ್ಕು ಬದಲಾಗೋ ಈ ಕೆಲಸಕ್ಕೆ ಮ್ಯುಟೇಶನ್ ಅಂತಾರೆ. ತಾಲ್ಲೂಕು ಕಚೇರಿಯಲ್ಲಿ ಮ್ಯುಟೇಶನ್ ನಡೀತಾನೇ ಇದೆ, ಕಂಪ್ಯೂಟರ್ ಅಲ್ಲಿಲ್ಲ. ಅಂದ್ರೆ ಟೈಪ್ ಮಾಡಿ ಮುಗಿಸಿದ ಮರುದಿನದಿಂದಲೇ ಕಂಪ್ಯೂಟರ್‌ನಲ್ಲಿರೋದು ಹಳೇ ಸುದ್ದಿ. ಇಂಥ ದಾಖಲೆಯನ್ನು ಯಾವ ಬ್ಯಾಂಕು ನಂಬುತ್ತೆ?

ಅಂಗಡಿ ಅಕ್ಕನ ಫೋನು ಮಗನ ಜೇಬಲ್ಲಿ ಇದ್ದಂಗೆ ಆಯ್ತು ಇದು. ಮಾಹಿತಿ ಏನೇನು ಇದೆ ಅಂತ ಕೇಳಿದ್ರು. ಅದು ಎಲ್ಲಿ, ಯಾರ ಕೈಯಲ್ಲಿ, ಎಷ್ಟು ಸಲ ಬದಲಾಗುತ್ತೆ ಅನ್ನೋದು ಯೋಜನೆಯೊಳಗೆ ಬರಲೇ ಇಲ್ಲ.

ಎರಡನೇ ಸಲ: 'ಭೂಮಿ'

1990ರ ದಶಕದ ಕೊನೆಗೆ ರಾಜ್ಯದ ಕಂದಾಯ ಇಲಾಖೆ ಮತ್ತೆ ಶುರು ಮಾಡ್ತು. ಈ ಸಲ ಹೆಸರು 'ಭೂಮಿ'. ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿಯ ಬೆಂಗಳೂರು ತಂಡ. ಕಂದಾಯ ಅಧಿಕಾರಿಗಳಿಗೆ ರಾಜ್ಯ ಮಟ್ಟದಲ್ಲೂ ವಿಭಾಗ ಮಟ್ಟದಲ್ಲೂ ಕಾರ್ಯಾಗಾರಗಳು ನಡೆದವು. ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು, 170ಕ್ಕೂ ಹೆಚ್ಚು ತಾಲ್ಲೂಕು ಕಚೇರಿಗಳು.

'ಭೂಮಿ'ಯಲ್ಲಿ ಏನೇನು ಇತ್ತು ಅಂತ ನೋಡಿದ್ರೆ, ಒಂದೊಂದರ ಹಿಂದೆಯೂ ಹಳೇ ಕಚೇರಿಯ ಒಂದೊಂದು ಕಷ್ಟ ಕಾಣುತ್ತೆ.

ಮೊದಲನೆಯದು ಜಾಗ. ಈ ಸಲ ಕಂಪ್ಯೂಟರ್ ತಾಲ್ಲೂಕು ಕಚೇರಿಗೇ ಬಂತು. ಮ್ಯುಟೇಶನ್ ನಡೆಯೋದೂ ಅದರಲ್ಲೇ. ಕಂಪ್ಯೂಟರ್ ಬಂದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಸರ್ಕಾರ ಆದೇಶ ಮಾಡಿತು. ಎರಡು ಪುಸ್ತಕ ಇದ್ರೆ ಜನ ಹಳೇದಕ್ಕೇ ಹೋಗ್ತಾರೆ, ನಮ್ಮ ಅಕ್ಕ ನೋಟ್‌ಬುಕ್‌ಗೆ ಹೋದ ಹಾಗೆ. ಆ ದಾರಿ ಮುಚ್ಚಿದ್ರು.

ಎರಡನೆಯದು ಸರದಿ. ಅರ್ಜಿ ಹಾಕಿದ್ರೆ ಯಾರದು ಮೊದಲು ನೋಡಬೇಕು ಅನ್ನೋದು ಹಿಂದೆ ಅಧಿಕಾರಿಯ ಮರ್ಜಿ. ಲಂಚ ಹುಟ್ಟುತ್ತಿದ್ದ ಜಾಗ ಅದೇ. 'ಭೂಮಿ'ಯಲ್ಲಿ ಮೊದಲು ಬಂದ ಅರ್ಜಿಯೇ ಮೊದಲು. ನಡುವಿನಿಂದ ಒಂದನ್ನು ಎತ್ತಿಕೊಳ್ಳೋಕೆ ಸಾಫ್ಟ್‌ವೇರ್ ಬಿಡ್ತಿರಲಿಲ್ಲ. ಇದು ತಂತ್ರಜ್ಞಾನದ ಲೆಕ್ಕದಲ್ಲಿ ಬಹಳ ಸುಲಭ. ಕ್ಯೂ ಅನ್ನೋದನ್ನು ಮೊದಲ ಸೆಮಿಸ್ಟರ್‌ಗಳಲ್ಲೇ ಕಲಿಸ್ತಾರೆ. ಕಷ್ಟ ಇದ್ದದ್ದು ಇಲ್ಲೊಂದು ಕ್ಯೂ ಬೇಕು ಅಂತ ಗುರುತಿಸೋದರಲ್ಲಿ.

ಮೂರನೆಯದು ಕೈ. ಪಾಸ್‌ವರ್ಡ್ ಆದ್ರೆ ಪಕ್ಕದವರಿಗೆ ಹೇಳಬಹುದು. ಆಮೇಲೆ "ನಾನು ಮಾಡಿದ್ದಲ್ಲ" ಅನ್ನಬಹುದು. ಅದಕ್ಕೇ ಬೆರಳಚ್ಚು ಇಟ್ಟರು. ಇಪ್ಪತ್ತೈದು ವರ್ಷದ ಹಿಂದೆ, ಫೋನ್ ತೆರೆಯೋಕೂ ಬೆರಳು ಬಳಸದ ಕಾಲದಲ್ಲಿ ಅದು. ಜೊತೆಗೆ ಮ್ಯುಟೇಶನ್ ಆದೇಶ, ರೈತರಿಗೆ ಕೊಟ್ಟ ನೋಟಿಸು, ಇವನ್ನು ಸ್ಕ್ಯಾನ್ ಮಾಡಿ ಇಡೋದು. ಯಾರು, ಯಾವ ಕಾಗದ ನೋಡಿ ಬದಲಾಯಿಸಿದ್ರು ಅನ್ನೋದಕ್ಕೆ ಸಾಕ್ಷಿ.

ನಾಲ್ಕನೆಯದು ನನಗೆ ಬಹಳ ಇಷ್ಟ. ಕೌಂಟರ್‌ನಲ್ಲಿ ರೈತರ ಕಡೆ ಮುಖ ಮಾಡಿದ ಇನ್ನೊಂದು ಪರದೆ. ಒಳಗಿನ ನೌಕರರು ಏನು ತೆರೀತಿದ್ದಾರೆ ಅಂತ ಹೊರಗೆ ನಿಂತವರಿಗೂ ಕಾಣುತ್ತೆ. ಆಗ 15 ರೂಪಾಯಿ ಕೊಟ್ರೆ ಕೆಲವು ನಿಮಿಷದಲ್ಲಿ ಮುದ್ರಿತ ಪಹಣಿ ಕೈಗೆ ಸಿಗ್ತಿತ್ತು.

ಮುಟ್ಟದೇ ಬಿಟ್ಟ ಸಂಗತಿಯೂ ಒಂದಿದೆ. ಮ್ಯುಟೇಶನ್‌ಗೆ ಮುಂಚೆ ಯಾರದಾದ್ರೂ ಆಕ್ಷೇಪಣೆ ಇದೆಯಾ ಅಂತ ಆಗ ಕಾಯ್ದೆ ಪ್ರಕಾರ 30 ದಿನ ಕಾಯಬೇಕಿತ್ತು. ಕಂಪ್ಯೂಟರ್ ಬಂತು ಅಂತ ಅದನ್ನು ಎರಡು ನಿಮಿಷ ಮಾಡಲಿಲ್ಲ. ಆ 30 ದಿನ ವಿಳಂಬ ಆಗಿರಲಿಲ್ಲ, ದೂರದೂರಲ್ಲಿರೋ ತಂಗಿಗೋ ದಾಯಾದಿಗೋ ಇದ್ದ ರಕ್ಷಣೆ. ನಿಧಾನ ಕಂಡ ಕಡೆಯೆಲ್ಲ ವೇಗ ಮಾಡ್ತೀನಿ ಅನ್ನೋರು ಇದನ್ನು ನೆನಪಿಡಬೇಕು.

ಇನ್ನು ಡೇಟಾ ಎಂಟ್ರಿ. ಅದನ್ನು ಖಾಸಗಿ ಏಜೆನ್ಸಿಗಳಿಗೆ ವಹಿಸಿದ್ರು. ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಕೈಗೆ ಕೊಡೋದು, ಅವರು ಮೂಲ ಪುಸ್ತಕದ ಜೊತೆ ಹೋಲಿಸಿ ತಪ್ಪು ಗುರುತು ಹಾಕೋದು. ಯಾರ ಅಧಿಕಾರ ಕಡಿಮೆ ಆಗ್ತಿತ್ತೋ ಅವರ ಸಹಾಯವೇ ಬೇಕಾಗಿತ್ತು. ಹಳೇ ಪುಸ್ತಕದ ಅಕ್ಷರ, ಅದರ ಗುರುತುಗಳು ಓದೋಕೆ ಬರ್ತಿದ್ದದ್ದು ಅವರಿಗೇ ತಾನೇ?

800 ಪುಟ ಬರೆದ್ರೂ ಸಾಲಲಿಲ್ಲ

"ಹಾಗಾದ್ರೆ ಎಲ್ಲ ವಿವರವಾಗಿ ಬರೆದುಕೊಂಡ್ರೆ ಸಾಕಲ್ವಾ?" ಅಂತ ನೀವು ಕೇಳಬಹುದು. ಸಾಕಾಗಲ್ಲ. 'ಭೂಮಿ' ನಡೀತಿದ್ದ ಅದೇ ವರ್ಷಗಳಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ, ತನ್ನ ಕೇಸ್ ಫೈಲ್‌ಗಳನ್ನು ಕಂಪ್ಯೂಟರ್‌ಗೆ ತರೋಕೆ 'ವರ್ಚುವಲ್ ಕೇಸ್ ಫೈಲ್' ಅನ್ನೋ ಸಾಫ್ಟ್‌ವೇರ್‌ಗೆ ಕೈ ಹಾಕಿತ್ತು. ಏನೇನು ಬೇಕು ಅನ್ನೋ ಪಟ್ಟಿಯೇ 800 ಪುಟ ದಾಟಿತ್ತು. ಆದ್ರೆ ಬೇಕುಗಳು ತಿಂಗಳು ತಿಂಗಳು ಬದಲಾಗ್ತಾ ಹೋದವು. ಯಾವುದು ಮುಖ್ಯ, ಯಾವುದು ಬಿಡಬಹುದು ಅಂತ ಗಟ್ಟಿಯಾಗಿ ಹೇಳೋರು ಇರಲಿಲ್ಲ. 2005ರಲ್ಲಿ ಅದನ್ನು ಕೈಬಿಟ್ಟರು. ಅಷ್ಟು ಹೊತ್ತಿಗೆ ಖರ್ಚಾಗಿದ್ದು ಸುಮಾರು 17 ಕೋಟಿ ಡಾಲರ್.

ಫ್ರೆಡ್ ಬ್ರೂಕ್ಸ್ ಅನ್ನೋ ಕಂಪ್ಯೂಟರ್ ವಿಜ್ಞಾನಿ 1986ರಲ್ಲೇ ಒಂದು ಪ್ರಬಂಧದಲ್ಲಿ ಇದನ್ನು ಹೇಳಿದ್ರು. ಸಾಫ್ಟ್‌ವೇರ್ ಕೆಲಸದಲ್ಲಿ ಅತಿ ಕಷ್ಟದ ಭಾಗ, ನಿಖರವಾಗಿ ಏನನ್ನು ಕಟ್ಟಬೇಕು ಅಂತ ತೀರ್ಮಾನಿಸೋದು, ಅದು ತಪ್ಪಿದ್ರೆ ಆಮೇಲೆ ಸರಿಪಡಿಸೋದೂ ಅಷ್ಟೇ ಕಷ್ಟ ಅನ್ನೋದು ಅವರ ಮಾತಿನ ಸಾರ.

ಯಾರನ್ನು ಕೇಳಲಿಲ್ಲ?

'ಭೂಮಿ'ಗೆ ದೇಶ ವಿದೇಶದಲ್ಲಿ ಹೊಗಳಿಕೆ ಸಿಕ್ಕಿತು. ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋದರು. ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ರೆ ಚೆನ್ನಾಗಿರುತ್ತೆ, ಆದ್ರೆ ಪ್ರಾಮಾಣಿಕ ಆಗಲ್ಲ.

2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದ್ರು. ಅವರ ವಾದ ಹೀಗೆ: ಹಳ್ಳಿಯಲ್ಲಿದ್ದ ದಾಖಲೆ ಮೇಲಕ್ಕೆ ಹೋದ ಮೇಲೆ ಸಣ್ಣ ರೈತರಿಗಿದ್ದ ಹಿಡಿತ ಕಡಿಮೆಯಾಯ್ತು. ಲಂಚ ಹೋಗಲಿಲ್ಲ, ಜಾಗ ಬದಲಾಯಿಸಿತು. ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳೋರಿಗೆ ಯಾವ ಸರ್ವೆ ನಂಬರ್ ಯಾರದು ಅಂತ ಒಂದೇ ಕಡೆ ಸಿಗೋದು ಅನುಕೂಲವಾಯ್ತು. ಇದನ್ನು ಒಪ್ಪದೇ ಇರೋರೂ ಇದ್ದಾರೆ. ವಾರಗಟ್ಟಲೆ ಅಲೆಯೋ ಬದಲು ಅರ್ಧ ಗಂಟೆಯಲ್ಲಿ ಪಹಣಿ ಸಿಕ್ಕ ರೈತರಿಗೆ ಅದು ಸಣ್ಣ ವಿಷಯ ಅಲ್ಲ.

ಆದ್ರೆ ಆ ಅಧ್ಯಯನ ಎತ್ತಿದ ಪ್ರಶ್ನೆ ನಮ್ಮ ವಿಷಯಕ್ಕೆ ಸೇರಿದ್ದು. ಪಹಣಿಯಲ್ಲಿ ಒಂದು ಹೆಸರು ಇರುತ್ತೆ. ಆ ಹೊಲದಲ್ಲಿ ವರ್ಷಗಟ್ಟಲೆ ಕೂಲಿ ಮಾಡೋರು, ಬಾಯಿ ಮಾತಿನ ಮೇಲೆ ಗೇಣಿಗೆ ಉಳೋರು, ಅದರ ಬದುವಿನಲ್ಲಿ ಕುರಿ ಮೇಯಿಸೋರು ಆ ಕಾಗದದಲ್ಲಿ ಇರಲ್ಲ. ಕಾಗದದಲ್ಲಿ ಇಲ್ಲದವರನ್ನು ಕಂಪ್ಯೂಟರ್ ಸೇರಿಸಲ್ಲ. ಹಳೇ ಪುಸ್ತಕದ ತಪ್ಪನ್ನು ಹಾಗೇ ಟೈಪ್ ಮಾಡಿದ್ರೆ ಆ ತಪ್ಪಿಗೇ ಮುದ್ರೆ ಬೀಳುತ್ತೆ. ಅಂದ್ರೆ "ಯಾರನ್ನು ಕೇಳಿದ್ವಿ?" ಅಂತ ಬರೆಯೋವಾಗ, ಪಕ್ಕದಲ್ಲೇ "ಯಾರನ್ನು ಕೇಳಲಿಲ್ಲ?" ಅಂತ ಇನ್ನೊಂದು ಪಟ್ಟಿ ಇರಬೇಕು.

ಮತ್ತೆ ಅಂಗಡಿಗೆ

ನನ್ನ ಆ್ಯಪ್ ಏನಾಯ್ತು ಅಂತ ಹೇಳಬೇಕಲ್ಲ. ಆ್ಯಪ್ ಸೋತ ಮೇಲೆ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ಹೋಗಿ ಅಂಗಡಿ ಒಳಗೆ ಅಕ್ಕಿ ಮೂಟೆ ಮೇಲೆ ಕೂತೆ. ಏನೂ ಕೇಳಲಿಲ್ಲ, ಸುಮ್ನೆ ನೋಡಿದೆ. ಹಾಲಿಗೆ ಬಂದ ಮಕ್ಕಳು, "ಅಮ್ಮ ಬರ್ಕೊಳ್ಳೋಕೆ ಹೇಳಿದ್ರು" ಅಂತ ಹೇಳಿ ಓಡಿ ಹೋಗೋರು. ತಮಿಳಲ್ಲಿ ಕೇಳೋರು, ಉರ್ದುವಲ್ಲಿ ಚೌಕಾಸಿ ಮಾಡೋರು, ಕನ್ನಡದಲ್ಲಿ ಬೈಯೋರು. ಅಕ್ಕ ಎಲ್ಲರಿಗೂ ಅವರವರ ಭಾಷೆಯಲ್ಲೇ ಉತ್ತರ ಕೊಡ್ತಾ, ಒಂದು ಕೈಯಲ್ಲಿ ತೂಕ ಹಾಕ್ತಾ, ಇನ್ನೊಂದು ಕೈಯಲ್ಲಿ ಬರೀತಿದ್ರು. ಒಂದು ಮನೆಗೆ ಒಂದು ಪುಟ. ಬರೆಯೋಕೆ ಎರಡು ಸೆಕೆಂಡು. ಅದಕ್ಕಿಂತ ವೇಗದ ಆ್ಯಪ್ ನನ್ನ ಕೈಲಿ ಆಗ್ತಿರಲಿಲ್ಲ.

ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಕೇಳಿದೆ, "ಅಕ್ಕಾ, ಇದರಲ್ಲಿ ನಿಮಗೆ ತಲೆನೋವು ಯಾವಾಗ ಬರುತ್ತೆ?" ಅಕ್ಕ ಯೋಚನೆ ಮಾಡ್ದೇ ಹೇಳಿದ್ರು: "ಒಂದನೇ ತಾರೀಖು. ಎಲ್ಲರಿಗೂ ಅದೇ ದಿನ ಸಂಬಳ, ಎಲ್ಲರೂ ಅದೇ ದಿನ ಬರ್ತಾರೆ. ಅರವತ್ತು ಪುಟ ಕೂಡಬೇಕು. ಕೂಡೋವಾಗ ಒಂದು ತಪ್ಪಾದ್ರೆ ಜಗಳ."

ಅವರಿಗೆ ಬೇಕಾಗಿದ್ದು ಅದು. ಬರೆಯೋದು ನೋಟ್‌ಬುಕ್‌ನಲ್ಲೇ ಇರಲಿ. ತಿಂಗಳ ಕೊನೇ ರಾತ್ರಿ ಮಗ ಮನೆಯಲ್ಲೇ ಇರ್ತಾನೆ, ಫೋನೂ ಇರುತ್ತೆ. ಅಕ್ಕ ಓದ್ತಾ ಹೋಗ್ತಾರೆ, ಮಗ ಒತ್ತುತ್ತಾ ಹೋಗ್ತಾನೆ, ಮನೆ ಗುರುತಿನ ಹೆಸರಲ್ಲಿ ಮೊತ್ತ ಬರುತ್ತೆ. ಎರಡು ತಿಂಗಳ ಕೋಡ್‌ನಲ್ಲಿ ಮುಕ್ಕಾಲು ಪಾಲು ಅಳಿಸಿ ಹಾಕಿದೆ. ಉಳಿದದ್ದು ಇವತ್ತೂ ನಡೀತಿದೆ.

ನೀವು ಪ್ರಾಜೆಕ್ಟ್ ಮಾಡ್ತಿದ್ರೆ, ಮೊದಲ ಸಾಲು ಕೋಡ್ ಬರೆಯೋಕೆ ಮುಂಚೆ ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಈ ಮಾಹಿತಿ ಎಲ್ಲಿ, ಯಾರ ಕೈಯಲ್ಲಿ ಬದಲಾಗುತ್ತೆ? ಈಗ ಜಗಳ, ವಿಳಂಬ, ಲಂಚ ಹುಟ್ಟೋದು ಯಾವ ಹೆಜ್ಜೆಯಲ್ಲಿ? ನಿಧಾನವಾಗಿ ಕಾಣೋ ಯಾವ ಹೆಜ್ಜೆ ಯಾರನ್ನೋ ಕಾಪಾಡ್ತಿದೆ? ನಾನು ಇನ್ನೂ ಮಾತಾಡದೇ ಇರೋರು ಯಾರು? ಕೊನೇ ಪ್ರಶ್ನೆಗೆ ಉತ್ತರ ಹುಡುಕೋಕೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಬೇಕಾಗುತ್ತೆ.

ನಿಮ್ಮ ಮನೆಯಲ್ಲಿ ಹಳೇ ಕೈಬರಹದ ಪಹಣಿ ಇದ್ರೆ ಒಮ್ಮೆ ತೆಗೆದು ನೋಡಿ. ತಾತನೋ ಅಜ್ಜಿಯೋ ಇದ್ರೆ ಅದನ್ನು ತರೋಕೆ ಎಷ್ಟು ದಿನ ಓಡಾಡಿದ್ರಿ ಅಂತ ಕೇಳಿ. ಅವರು ಹೇಳಿದ ಕಥೆಯನ್ನು ನಮಗೂ ಕಳಿಸಿ.